ಫ್ರಿಜ್ಜಿನ ಬಾಗಿಲ ಅಯಸ್ಕಾಂತ

ಮಳೆ ಬಂದ ದಿನ ಕಾರು ನೋಡಬೇಡ, ಮ್ಜೆವಿನಾರ್,
ಒದ್ದೆ ಮೈಯ ಮೇಲೆ ಎಂಥ ಬಣ್ಣವೂ ಹೊಳೆಯುತ್ತದೆ.
ಇವತ್ತು ಬಿಸಿಲಿದೆ. ರುಸ್ತಾವಿಯ ಬಯಲಲ್ಲಿ ಧೂಳಿದೆ,
ಸಾಲು ಸಾಲು ಗಾಜು ಕಣ್ಣಿಗೆ ಚುಚ್ಚುತ್ತದೆ. ಒಳ್ಳೆಯದೇ.
ನೀನು ಕೊಟ್ಟ ಇಪ್ಪತ್ತು ಲಾರಿಯ ನೋಟು ಜೇಬಿನಲ್ಲಿದೆ,
ಇನ್ನು ಮಧ್ಯಾಹ್ನದವರೆಗೆ ನನ್ನ ಕಣ್ಣು ನಿನ್ನದು.

ಮೊದಲು ಮೂಗು. ಬಾಗಿಲು ತೆಗೆದ ತಕ್ಷಣ ಮೂಗು.
ನಿಂಬೆಯ ಪರಿಮಳ ಗಮ್ಮೆಂದರೆ ಅನುಮಾನಪಡು,
ಯಾರೂ ಸುಮ್ಮಸುಮ್ಮನೆ ಕಾರಿಗೆ ಅತ್ತರು ಪೂಸುವುದಿಲ್ಲ.
ಸೀಟುಬೆಲ್ಟು ಎಳೆ. ಇನ್ನೂ ಎಳೆ, ಕೊನೆಯ ಗೇಣಿನ ತನಕ.
ಎಲ್ಲ ತೊಳೆಯುತ್ತಾರೆ, ಅಲ್ಲಿಗೆ ಕೈ ಹಾಕುವುದಿಲ್ಲ.
ನೋಡು, ಕಂದು ಗೆರೆ. ನೀರು ಇಲ್ಲಿಯವರೆಗೆ ನಿಂತಿತ್ತು.
ಎಲ್ಲೋ ಅಮೆರಿಕದ ಕಡಲಂಚಿನ ಬಿರುಗಾಳಿ,
ಆಮೇಲೆ ಹರಾಜು, ಹಡಗು, ಪೋತಿ ಬಂದರು, ಶಾಂಪೂ.
ದಂತವೈದ್ಯೆಯೊಬ್ಬಳು ಓಡಿಸುತ್ತಿದ್ದಳಂತೆ,
ಸಿಗರೇಟು ಮುಟ್ಟದವಳಂತೆ.
ಆ ದಂತವೈದ್ಯೆಗೆ ಈ ಬಯಲಲ್ಲಿ ನಾಲ್ಕು ಸಾವಿರ ಕಾರುಗಳಿವೆ.

ಎಂಜಿನ್ ಮುಟ್ಟು. ಬೆಚ್ಚಗಿದೆಯೆ? ನಡೆ, ಮುಂದಿನದು.
ನೀನು ಬರುವ ಮೊದಲೇ ಎಬ್ಬಿಸಿ, ಕೆಮ್ಮಿಸಿ, ಸಮಾಧಾನ ಮಾಡಿದ್ದಾರೆ.
ಕೀಲಿ ತಿರುಗಿಸಿದರೆ ದೀಪಗಳೆಲ್ಲ ಹೊತ್ತಿ ಆರಬೇಕು.
ಆರದ ದೀಪಕ್ಕಿಂತ ಹೊತ್ತದ ದೀಪಕ್ಕೆ ಹೆದರು:
ಏರ್‌ಬ್ಯಾಗಿನ ಜಾಗಕ್ಕೆ ಚಿಂದಿ ತುರುಕಿ
ಬಲ್ಬು ಕಿತ್ತವರನ್ನು ನಾನು ಬಲ್ಲೆ.
ಹೆಸರು ಕೇಳಬೇಡ.

ಮೀಟರಿನ ಅಂಕಿ ಬಿಡು, ಬ್ರೇಕ್ ಪೆಡಲಿನ ರಬ್ಬರು ನೋಡು.
ಅರವತ್ತು ಸಾವಿರಕ್ಕೆ ರಬ್ಬರು ಇಷ್ಟು ಸವೆಯುವುದಿಲ್ಲ.
ಎತ್ತಿನ ಹಲ್ಲು ಎಣಿಸಲು ಬಂದವನು
ಕೊಂಬಿನ ಬಣ್ಣಕ್ಕೆ ಮರುಳಾಗಬಾರದು.

ನೀನು ಸೂಲಗಿತ್ತಿ. ದುಶೇತಿಯ ಮೇಲಿನ ಹಳ್ಳಿಗಳಿಗೆ
ರಾತ್ರಿ ಎರಡಕ್ಕೆ ಹೊರಡುವವಳು,
ಬಾಡಿಗೆ ವ್ಯಾನುಗಳು ಮಲಗಿರುವ ಹೊತ್ತು.
ಆದ್ದರಿಂದ ಬಗ್ಗು, ಕೋಟು ಮಣ್ಣಾದರೆ ಆಗಲಿ.
ಹೊಗೆಕೊಳವೆಗೆ ಹೊಸ ಬೆಸುಗೆ ಬಿದ್ದಿದ್ದರೆ
ಹೊಗೆ ಸೋಸುವ ಡಬ್ಬಿ ಎಂದೋ ಮಾರಿಹೋಗಿದೆ,
ತಪಾಸಣೆಯ ದಿನ ತಲೆ ತಗ್ಗಿಸುವವಳು ನೀನು.

ಅಯ್ಯೋ, ಈ ಬೆಳ್ಳಿ ಬಣ್ಣದ್ದು ಮನಸ್ಸಿಗೆ ಬಂತೆ?
ಆಗಲೇ ಒಳಗೆ ಕುಳಿತು ಕನ್ನಡಿ ತಿರುಗಿಸಿಕೊಂಡೆ.
ಅದೊಂದು ಮಾಡಬಾರದಿತ್ತು. ಅವನು ನೋಡಿಬಿಟ್ಟ,
ಇನ್ನೂರು ಡಾಲರು ಏರಿತು.

ಇರಲಿ. ಫ್ರಿಜ್ಜಿನಿಂದ ಕಿತ್ತು ತಾ ಎಂದಿದ್ದೆನಲ್ಲ, ಕೊಡು.
ಬತುಮಿ ಎಂದು ಬರೆದ ಪುಟ್ಟ ಡಾಲ್ಫಿನ್.
ಬಾನೆಟ್ಟು: ಕಚ್ಚಿತು.
ಮುಂಬಾಗಿಲು: ಕಚ್ಚಿತು.
ಹಿಂಬಾಗಿಲ ಕೆಳಗೆ ಇಟ್ಟೆ, ಕೈ ಬಿಟ್ಟೆ.
ಡಾಲ್ಫಿನ್ ಧೂಳಿನಲ್ಲಿ ಬಿದ್ದಿದೆ.

ಬೆರಳು ದಪ್ಪ ಪುಟ್ಟಿ, ಮೇಲೆ ಬೆಳ್ಳಿ.
ಅಂಚಿನ ರಬ್ಬರು ಸರಿಸಿದರೆ ಹೆಬ್ಬೆರಳಿನ ಗುರುತು.
ಬಣ್ಣ ಒಣಗುವ ಮೊದಲೇ ಮುಟ್ಟಿ ನೋಡುವ ಚಾಳಿ,
ನನ್ನ ಗುರು ಬೈದರೂ ಹೊಡೆದರೂ ಬಿಡಲಿಲ್ಲ.
ಆ ಚಳಿಗಾಲ ಗುಲಿಕೋಗೆ ಕಣ್ಣಿನ ಆಪರೇಷನ್ ಇತ್ತು.
ಕಂಬಕ್ಕೆ ಅಪ್ಪಳಿಸಿ ಹಪ್ಪಳವಾಗಿದ್ದ ಬಾಗಿಲು,
ನಾಲ್ಕು ದಿನ ತಿದ್ದಿದೆ, ಚೆನ್ನಾಗಿಯೇ ತಿದ್ದಿದೆ.
ನಿನಗೂ ಕಾಣಲಿಲ್ಲವಲ್ಲ.

ಹತ್ತು ಲಾರಿ ವಾಪಸ್ ತಗೋ, ಮುಚ್ಚಿದ್ದಕ್ಕೆ.
ಹತ್ತು ಇಟ್ಟುಕೊಳ್ಳುತ್ತೇನೆ, ಹುಡುಕಿದ್ದಕ್ಕೆ.

ಆ ಮೂಲೆಯ ಹಸಿರು ಕಾರಿನ ಹತ್ತಿರ ಹೋಗೋಣ,
ಬಾಗಿಲಿಗೆ ತಗ್ಗು ಬಿದ್ದದ್ದು. ಯಾರೂ ಮುಚ್ಚಿಲ್ಲ,
ಎಂಜಿನ್ ಇನ್ನೂ ತಣ್ಣಗಿದೆ.
ಕೊಂಡರೆ ಮೊದಲ ವಾರವೇ ಎಣ್ಣೆ ಬದಲಿಸು,
ಮೊನ್ನೆ ತಾನೇ ಹಾಕಿಸಿದೆ ಎಂದು ಅವನು ಆಣೆ ಇಟ್ಟರೂ.
ಟ್ಯಾಂಕು ಅರ್ಧಕ್ಕಿಂತ ಇಳಿಯಲು ಬಿಡಬೇಡ.
ಬಂಕ್ ತೆರೆಯುವ ತನಕ
ಯಾವ ಮಗುವೂ ಕಾಯುವುದಿಲ್ಲ.